ಮುಗಿಯದ ಕೊಡಲಿಗಳ ಕಣಿವೆ

ಮುಂಬಯಿ–ಚೆನ್ನೈ ರೈಲುಮಾರ್ಗದಲ್ಲಿ ಯಾದಗಿರಿಯಲ್ಲಿ ಇಳಿದ ಪ್ರವಾಸಿಗೆ ಬೆಟ್ಟದ ಮೇಲಿನ ಕೋಟೆ ಸ್ವಾಗತ ನೀಡುತ್ತದೆ. ಭೀಮೆಯನ್ನು ದಾಟಿ ಮುಂದುವರಿದರೆ ಶಹಾಪುರ. ಅಲ್ಲಿನ ಬೆಟ್ಟಗಳ ಸಾಲು ದೂರದಿಂದ ನೋಡುವವರಿಗೆ ಮಲಗಿದ ಬುದ್ಧನಂತೆ ತೋರುವುದುಂಟು. ಸಮೀಪದ ವಿಭೂತಿಹಳ್ಳಿಯಲ್ಲಿ ಯಾವುದೋ ಪ್ರಾಚೀನ ಜನ ದೊಡ್ಡ ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ ಜೋಡಿಸಿಟ್ಟು ಹೋಗಿದ್ದಾರೆ. ಅವುಗಳ ವಿಷಯವನ್ನು ಮೊದಲಿಗೆ ಬರೆದವರಲ್ಲಿ ಮೆಡೋಸ್ ಟೇಲರ್ ಒಬ್ಬ. ಸುರಪುರದ ಬಾಲರಾಜನ ಕಾಲದಲ್ಲಿ, 1841ರಿಂದ 1853ರವರೆಗೆ, ಸಂಸ್ಥಾನದ ಮೇಲ್ವಿಚಾರಣೆ ನಡೆಸಿದ ಆಂಗ್ಲ ಅಧಿಕಾರಿ ಆತ. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ನೋಡಿ ಬಹುಮಂದಿ ಹಿಂದಿರುಗುತ್ತಾರೆ. ಇನ್ನೂ ಸ್ವಲ್ಪ ಮುಂದೆ, ಹುಣಸಗಿಯ ಕಡೆಗೆ ಹೋಗುವವರು ವಿರಳ.

ಹೋದವರಿಗೆ ಮೊದಲ ನೋಟದಲ್ಲಿ ಕಾಣುವುದು ಹೊಲ, ಕಾಲುವೆ, ತಗ್ಗು ಗುಡ್ಡಗಳು, ಇಷ್ಟೆ. ಆದರೆ ಹುಣಸಗಿ ಮತ್ತು ಬೈಚಬಾಳ ಕಣಿವೆಗಳ ನೆಲದಲ್ಲಿ ಆದಿಮಾನವನ ಹೆಜ್ಜೆಗುರುತುಗಳು ನೂರಾರು ಕಡೆ ಸಿಕ್ಕಿವೆ. ಪುಣೆಯ ಡೆಕ್ಕನ್ ಕಾಲೇಜಿನ ವಿದ್ವಾಂಸರಾದ ಕೆ. ಪದ್ದಯ್ಯನವರು 1960ರ ದಶಕದಲ್ಲಿ ಈ ಸೀಮೆಗೆ ಬಂದರು. ನವಶಿಲಾಯುಗದ ಬೂದಿಗುಡ್ಡಗಳನ್ನು ಅರಸುತ್ತ ಬಂದವರು, ಅದಕ್ಕಿಂತ ಎಷ್ಟೋ ಹಳೆಯ ಕಾಲದ ಕೈಗೊಡಲಿಗಳ ಬೆನ್ನುಹತ್ತಿ ದಶಕಗಳ ಕಾಲ ಈ ಬಯಲನ್ನು ಕಾಲ್ನಡಿಗೆಯಲ್ಲಿ ಸುತ್ತಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ಅವರ ಶೋಧಗಳಲ್ಲಿ ಮುಖ್ಯವಾದುದು ಇಸಾಂಪುರ. ಕಾಲುವೆಯ ಕೆಲಸಕ್ಕಾಗಿ ಮೇಲಿನ ಮಣ್ಣನ್ನು ತೆಗೆದಾಗ ಅಡಿಯಲ್ಲಿದ್ದ ಕಲ್ಲಿನ ಹಾಸು ಹೊರಬಿದ್ದಿತು. 1997ರಿಂದ ಕೆಲವು ವರ್ಷ ಅಲ್ಲಿ ಉತ್ಖನನ ನಡೆಯಿತು. ಹೊರಬಂದದ್ದು ಮನೆಯಲ್ಲ, ಗೋರಿಯಲ್ಲ. ಕಲ್ಲಿನ ಆಯುಧಗಳನ್ನು ತಯಾರಿಸುವ ಒಂದು ಕಾರ್ಖಾನೆ! ನಮ್ಮ ಮನೆಗಳ ನೆಲಕ್ಕೆ ಹಾಸುವ ಶಾಬಾದ್ ಕಲ್ಲಿನ ನಂಟಿನದೇ ಆದ ಸುಣ್ಣಕಲ್ಲು ಅಲ್ಲಿ ಸಹಜವಾಗಿಯೇ ಹಲಗೆಹಲಗೆಯಾಗಿ ಬಿರಿದಿದೆ. ತೆಳುವಾದ ಹಲಗೆ ಸಿಕ್ಕರೆ ಅಂಚನ್ನಷ್ಟೇ ಕೆತ್ತಿ ಕೈಗೊಡಲಿ ಮಾಡುವುದು. ದಪ್ಪನೆಯದಾದರೆ ಅದರಿಂದ ದೊಡ್ಡ ಚಕ್ಕೆಯನ್ನು ಎಬ್ಬಿಸಿ ಆ ಚಕ್ಕೆಯನ್ನೇ ತಿದ್ದುವುದು. ಸುತ್ತಿಗೆಗೆ ಮಾತ್ರ ಬೇರೆ ಜಾತಿಯ ಗಟ್ಟಿ ಕಲ್ಲು. ಪ್ರಾಣಿಗಳ ಹಲ್ಲಿನ ಹೊರಕವಚವನ್ನು ಪರೀಕ್ಷಿಸಿದ ವಿಜ್ಞಾನಿಗಳು ಈ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ವಯಸ್ಸನ್ನು ಅಂದಾಜು ಮಾಡಿದ್ದಾರೆ.

ಆದರೆ ಇಸಾಂಪುರದ ಹಿರಿಮೆ ವಯಸ್ಸಿನಲ್ಲಿಲ್ಲ. ತಮಿಳುನಾಡಿನ ಅತ್ತಿರಂಪಾಕ್ಕಂ ಅದಕ್ಕಿಂತಲೂ ಹಳೆಯದೆಂದು 2011ರಲ್ಲಿ ಪ್ರಕಟವಾಗಿದೆ. ಚೆಂದದ ಕೈಗೊಡಲಿ ಬೇಕಾದರೆ ಎಷ್ಟೋ ಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಯಲ್ಲಿ ಉಂಟು. ಅಂಥ ಮುಗಿದ ಆಯುಧ ತನ್ನ ಹುಟ್ಟಿನ ಗುಟ್ಟನ್ನು ಬಹುಪಾಲು ಅಳಿಸಿಕೊಂಡಿರುತ್ತದೆ. ಇಲ್ಲಿರುವುದಾದರೋ ಅರೆಗೆಲಸದ ಸಂಪತ್ತು: ಎರಡು ಏಟು ತಿಂದು ಬಿಟ್ಟ ಹಲಗೆ, ರೂಪ ತಳೆಯುತ್ತಿದ್ದಾಗಲೇ ಕೈಬಿಟ್ಟ ಕೊಡಲಿ, ಪಕ್ಕದಲ್ಲಿ ಉದುರಿದ ಚಕ್ಕೆಗಳ ರಾಶಿ, ಅಲ್ಲಿಯೇ ಇಟ್ಟುಹೋದ ಸುತ್ತಿಗೆಗಲ್ಲು. ಒಂದೇ ಅಗೆತದಲ್ಲಿ 10,000ಕ್ಕೂ ಮಿಕ್ಕಿ ಚೂರುಗಳು ದೊರೆತವು. ಅವುಗಳ ಜಾಡನ್ನು ಹಿಡಿದು ಸಂಶೋಧಕರು ತಾವೂ ಅದೇ ಬಗೆಯಲ್ಲಿ ಕಲ್ಲೊಡೆದು ನೋಡಿ ಆ ಕುಶಲಕರ್ಮಿಯ ಕ್ರಮವನ್ನು ತಿಳಿದರು. ಯಾವ ಕಲ್ಲನ್ನು ಆರಿಸಿದ, ಎಲ್ಲಿ ಮೊದಲ ಏಟು ಹಾಕಿದ ಎಂಬುದನ್ನು ಹೇಳಬಲ್ಲದ್ದು ಆ ಬಿಸಾಟ ಕಲ್ಲೇ.

ಈ ಕಾಲದ ಮಕ್ಕಳಿಗೂ ಇದು ಅರ್ಥವಾಗದ ಸಂಗತಿಯಲ್ಲ. ವಿಡಿಯೊ ಆಟಗಳ ಲೋಕದಲ್ಲಿ ಮಾರುಕಟ್ಟೆಗೆ ಬಾರದೆ ಹೋದ ಆಟಗಳನ್ನು, ಪರೀಕ್ಷೆಗಾಗಿ ಮಾಡಿದ ಕಚ್ಚಾ ಪ್ರತಿಗಳನ್ನು ಹುಡುಕಿ ಕಾಪಾಡುವ ಒಂದು ಪಂಗಡವೇ ಇದೆ. ಜಪಾನಿನ ನಿಂಟೆಂಡೊ ಕಂಪನಿ 1990ರ ದಶಕದಲ್ಲಿ ಸಿದ್ಧಗೊಳಿಸಿ ಮೂಲೆಗಿಟ್ಟ ‘ಸ್ಟಾರ್ ಫಾಕ್ಸ್ 2’ ಎಂಬ ಆಟ 2017ರಲ್ಲಿ ಬಿಡುಗಡೆ ಕಂಡಿತು. ಆದರೆ ಯಂತ್ರದ ಕಚ್ಚಾ ಪ್ರತಿಯನ್ನು ನಕಲು ಮಾಡಿ ನಾಲ್ಕು ಕಡೆ ಇಡಬಹುದು. ಇಸಾಂಪುರದ ಚಕ್ಕೆಗೆ ನಕಲಿಲ್ಲ. ಅದು ಬಿದ್ದ ಜಾಗವೇ ಅದರ ಅರ್ಧ ಅರ್ಥ. ಅಲ್ಲಿಂದ ಎತ್ತಿ ಜೇಬಿಗಿಳಿಸಿದ ಒಡನೆ ಅದು ಬರಿಯ ಕಲ್ಲು.

ಅಪಾಯವೂ ಅಲ್ಲಿಯೇ ಇದೆ. ನಾರಾಯಣಪುರದ ಎಡದಂಡೆ ಕಾಲುವೆಯ ಕೃಷ್ಣೆಯ ನೀರು ಬಂದ ಮೇಲೆ ಈ ಬರಗಾಲದ ಸೀಮೆಯಲ್ಲಿ ಬತ್ತದ ಗದ್ದೆಗಳು ಎದ್ದವು. ಗದ್ದೆಗೆ ಸಮತಟ್ಟಾದ ನೆಲ ಬೇಕು. ನೆಲವನ್ನು ಮಟ್ಟ ಮಾಡುವಾಗ ಲಕ್ಷಾಂತರ ವರ್ಷ ಕದಲದಿದ್ದ ಕಲ್ಲುಗಳೂ ಮಣ್ಣಿನೊಡನೆ ಸರಿದುಹೋಗುತ್ತವೆ. ಒಕ್ಕಲಿಗನನ್ನು ದೂರುವುದು ನ್ಯಾಯವಲ್ಲ. ತಲೆತಲಾಂತರದಿಂದ ಮಳೆಗಾಗಿ ಬಾನು ನೋಡಿದವನಿಗೆ ಒಡೆದ ಕಲ್ಲಿಗಿಂತ ಅನ್ನ ದೊಡ್ಡದು. ಮನೆಗೋಡೆಗೆ ಚಪ್ಪಡಿ ಬೇಕಾದವನಿಗೂ ಆದಿಮಾನವನಿಗೆ ಮೆಚ್ಚಿಕೆಯಾದ ಕಲ್ಲೇ ಮೆಚ್ಚಿಕೆ! ಇಂಥ ನೆಲೆಗಳನ್ನು ಗುರುತಿಸಿ, ಬೇಲಿ ಹಾಕಿ, ಹೊಲ ಕಳೆದುಕೊಂಡವನಿಗೆ ತಕ್ಕ ಪರಿಹಾರ ಕೊಡುವ ಹೊಣೆ ಸರ್ಕಾರದ್ದು.

ಇಸಾಂಪುರವನ್ನು ನೋಡಬಯಸುವವರು ಸುರಪುರದಿಂದ ಹುಣಸಗಿಗೆ ಹೋಗಿ ಊರಿನವರಲ್ಲಿ ದಾರಿ ಕೇಳುವುದು ಒಳ್ಳೆಯದು. ಬೇಸಗೆಯ ಬಿಸಿಲು ಇಲ್ಲಿ ಕಠಿಣ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಹವೆ ಹಿತವಾಗಿರುತ್ತದೆ. ಕುಡಿಯುವ ನೀರು, ಬುತ್ತಿ ಜೊತೆಗಿರಲಿ. ಮಕ್ಕಳನ್ನು ಕರೆದೊಯ್ಯುವವರು ಹೊರಡುವ ಮುನ್ನವೇ ಒಂದು ಮಾತು ತಿಳಿಸಿರಬೇಕು: ನೆಲದ ಮೇಲಿನ ಕಲ್ಲು ಎಷ್ಟೇ ಚೂಪಾಗಿರಲಿ, ಎಷ್ಟೇ ಚೆನ್ನಾಗಿರಲಿ, ನೆಲದ ಮೇಲೆಯೇ ಇರಬೇಕು.