ಹಲಗೆಯಿಂದಾಚೆ ಒಂದು ಹೆಜ್ಜೆ

ಅರಕಲಗೂಡಿನಲ್ಲಿ ಹುಟ್ಟಿ, ಹಾಸನ ಮತ್ತು ಹೊಳೆನರಸೀಪುರದ ಶಾಲೆಗಳಲ್ಲಿ ಮೂರು ದಶಕ ಪಾಠ ಹೇಳಿ, ಈಗ ಚನ್ನರಾಯಪಟ್ಟಣದಲ್ಲಿ ನೆಲೆಸಿರುವ ಮೇಷ್ಟರೊಬ್ಬರು ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವನ್ನು ನೋಡಿಬಂದರು. 1872ರಲ್ಲಿ ಸ್ಥಾಪಿತವಾದ ಆ ಉದ್ಯಾನದಲ್ಲಿ ಜಗತ್ತಿನ ಚಿಮ್ಮುವ ಬಿಸಿನೀರ ಬುಗ್ಗೆಗಳಲ್ಲಿ ಸುಮಾರು ಅರ್ಧದಷ್ಟಿವೆ. ಅವುಗಳಲ್ಲಿ ಹೆಸರಾದದ್ದು ‘ಓಲ್ಡ್ ಫೇತ್‌ಫುಲ್’. ಮತ್ತೆ ಮತ್ತೆ ತಪ್ಪದೆ ಚಿಮ್ಮುವುದನ್ನು ಕಂಡು 1870ರಲ್ಲಿ ಅನ್ವೇಷಕರು ಇಟ್ಟ ಹೆಸರದು.

ನೆಲದಡಿಯ ಕಾವಿನಿಂದ ನೀರು ಕುದಿಯುವ ಮಟ್ಟವನ್ನು ಮೀರಿ ಕಾದರೂ, ಮೇಲಿನ ನೀರಿನ ಭಾರ ಅದನ್ನು ಅದುಮಿ ಹಿಡಿದಿರುತ್ತದೆ. ಮೇಲಿನದು ಕೊಂಚ ಹೊರಚೆಲ್ಲಿ ಭಾರ ಇಳಿದೊಡನೆ ಕೆಳಗೆ ಆವಿ ಎದ್ದು ಎಲ್ಲವನ್ನೂ ಮೇಲಕ್ಕೆಸೆಯುತ್ತದೆ. ಸುಮಾರು ಒಂದೂವರೆ ಗಂಟೆಗೊಮ್ಮೆ, 106ರಿಂದ 185 ಅಡಿಗಳವರೆಗೆ! ಬೆಳಗೊಳದ 58 ಅಡಿಯ ಬಾಹುಬಲಿಯನ್ನು ಕಂಡು ಬೆಳೆದ ಮೇಷ್ಟರಿಗೆ ಎತ್ತರಕ್ಕೆಲ್ಲ ಅದೊಂದೇ ಅಳತೆಗೋಲು. ಎರಡು ಬಾಹುಬಲಿ, ಒಮ್ಮೊಮ್ಮೆ ಮೂರು ಎಂದು ಲೆಕ್ಕ ಹಾಕಿಕೊಂಡರು.

ಗೊರೂರಿನ ಅಣೆಕಟ್ಟಿನ ಬಾಗಿಲು ತೆರೆದಾಗ ಮೊಬೈಲು ಹಿಡಿದು ಮುಗಿಬೀಳುವ ಜನರನ್ನು ಕಂಡು ನಕ್ಕವರು ಅವರು. ಆದರೆ ಅಲ್ಲಿ, ಹೊಳೆಯಾಚೆಯ ದಿಬ್ಬದಿಂದ ಬುಗ್ಗೆಯ ಚಿತ್ರ ಚೆನ್ನಾಗಿ ಬರುತ್ತದೆಂದು ಅಳಿಯ ಹೇಳಿದ್ದೇ ತಡ, ಎಲ್ಲರಿಗಿಂತ ಮುಂದಾಗಿ ಹೊರಟರು. ದಿಬ್ಬದ ಮೇಲೆಲ್ಲ ಮರದ ಹಲಗೆಯ ದಾರಿ. ಅದರಿಂದ ಕೆಳಗಿಳಿಯಕೂಡದು; ನೆಲದ ಹೊದಿಕೆ ತೆಳುವು, ಅಡಿಯಲ್ಲಿ ಕುದಿವ ನೀರು. 2016ರಲ್ಲಿ ಅದೇ ಉದ್ಯಾನದ ಬೇರೊಂದು ಕಡೆ ಹೀಗೆ ದಾರಿ ಬಿಟ್ಟ ಯುವಕನೊಬ್ಬ ಬುಗ್ಗೆಗೆ ಬಿದ್ದು ಪ್ರಾಣ ಕಳೆದುಕೊಂಡ.

ಹಲಗೆಯ ಪಕ್ಕದಲ್ಲಿ ಹರಿಯುವ ಬಿಸಿನೀರಿನಡಿ ಕೇಸರಿ, ಹಳದಿ, ಕಂದು ಬಣ್ಣಗಳ ಪದರ. ಅದು ಮಣ್ಣಲ್ಲ, ಕೋಟ್ಯಂತರ ಸೂಕ್ಷ್ಮಜೀವಿಗಳ ವಸತಿ ಎಂದು ಮೊಮ್ಮಗಳು ಫಲಕ ಓದಿ ಹೇಳಿದಳು. ಕಾಯಿಸಿ ಆರಿಸಿದ ನೀರನ್ನೇ ಕುಡಿಯುವ ನೇಮದ ಮೇಷ್ಟರು, ಕೈಯಿಡಲಾಗದ ನೀರಿನಲ್ಲಿ ಜೀವವಿರುವುದನ್ನು ಮೊದಲು ನಂಬಲಿಲ್ಲ. ಅಂಥದೇ ಒಂದು ಜೀವಿಯನ್ನು 1960ರ ದಶಕದಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ಅಲ್ಲಿಯೇ ಕಂಡುಹಿಡಿದರು. ಪಿಸಿಆರ್ ಪರೀಕ್ಷೆಯನ್ನು ಸುಲಭಗೊಳಿಸಿದ ಕಿಣ್ವ ಅದರಿಂದಲೇ ದೊರೆಯಿತು.

ಅಷ್ಟರಲ್ಲಿ ಬುಗ್ಗೆ ಎದ್ದಿತು. ಬಿಳಿಯ ಸ್ತಂಭ ಪರದೆಯೊಳಗೆ ಹಿಡಿಸಲಿಲ್ಲ. ಮೇಷ್ಟರು ಮೊಬೈಲಿನಿಂದ ಕಣ್ಣು ತೆಗೆಯದೆ ಒಂದು ಹೆಜ್ಜೆ ಹಿಂದಿಟ್ಟರು, ಮತ್ತೊಂದನ್ನೂ ಇಟ್ಟರು.

“ತಾತ, ಕಾಲು!”

ಬಲಗಾಲು ಹಲಗೆಯಿಂದ ಕೆಳಗಿತ್ತು. ಅಳಿಯ ತೋಳು ಹಿಡಿದು ಸೆಳೆದುಕೊಂಡರು. ಕಾಲಿಗೇನೂ ಆಗಲಿಲ್ಲ, ಚರ್ಮದ ಚಪ್ಪಲಿ ಮಾತ್ರ ನೆನೆದಿತ್ತು. ಆದರೆ ಕೇಸರಿ ಪದರದಲ್ಲಿ ಅಂಗಾಲಿನಷ್ಟು ಉದ್ದದ ಹರಿದ ಗುರುತು ಉಳಿಯಿತು. ಇರುವೆ ಸಾಲು ಕಂಡರೆ ಸುತ್ತಿ ನಡೆಯುವವರು, ಮಕ್ಕಳಿಗೆ ನೆಲ ನೋಡಿ ನಡೆಯಲು ಕಲಿಸಿದವರು. ಬುಗ್ಗೆ ಇನ್ನೂ ಚಿಮ್ಮುತ್ತಿತ್ತು. ಅವರು ಅತ್ತ ನೋಡಲಿಲ್ಲ.

ಮುಂದಿನ ದಾರಿಯಲ್ಲಿ ‘ಮಾರ್ನಿಂಗ್ ಗ್ಲೋರಿ’ ಎಂಬ ಬಿಸಿನೀರ ಕೊಳ. ಪ್ರವಾಸಿಗರು ಎಸೆದ ನಾಣ್ಯ, ಕಸಗಳಿಂದ ಅದರ ನೀರ ಕಂಡಿ ಮುಚ್ಚಿಕೊಂಡು ಕಾವು ಇಳಿದು, ನೀಲಿಯಾಗಿದ್ದದ್ದು ಅಂಚಿನಿಂದ ಹಳದಿಯಾಗುತ್ತ ಬಂದಿದೆ. ಹೊಳೆನರಸೀಪುರದ ಸೇತುವೆಯಲ್ಲಿ ಹೇಮಾವತಿಗೆ ಭಕ್ತಿಯಿಂದ ಕಾಸೆಸೆಯುವವರನ್ನು ಕಂಡಿದ್ದ ಮೇಷ್ಟರು ಅಳಿಯನಿಗೆ ಅದನ್ನು ಹೇಳಹೊರಟು, ಅರ್ಧಕ್ಕೇ ಸುಮ್ಮನಾದರು.

ಚಿತ್ರವೇನೋ ಬಹಳ ಚೆನ್ನಾಗಿ ಬಂದಿದೆ. ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಎಂದು ಊರಿನ ನೆಂಟರು ಹೇಳುತ್ತಾರೆ. ಮೇಷ್ಟರು ಮೊಬೈಲನ್ನು ಹಿಂದಕ್ಕೆ ಪಡೆದು, ಅದರ ಪಕ್ಕದಲ್ಲಿರುವ ಮೊಮ್ಮಗಳು ತೆಗೆದ ಇನ್ನೊಂದು ಚಿತ್ರವನ್ನೂ ತೋರಿಸುತ್ತಾರೆ. ಕೇಸರಿ ಪದರ, ಅದರ ನಡುವೆ ಒಂದು ಬಲಗಾಲಿನ ಗುರುತು.