ಹತ್ತೊಂಬತ್ತು ತುಂಡಿನ ಪದ

ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಒಂದು ದಿನ ಬೋರ್ಡಿನ ಈ ತುದಿಯಿಂದ ಆ ತುದಿಗೆ ಒಂದೇ ಪದ ಬರೆದರು: ನ್ಯುಮೊನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೇನೋಕೋನಿಯೋಸಿಸ್. ಇಂಗ್ಲಿಷಿನಲ್ಲಿ 45 ಅಕ್ಷರ. ಶನಿವಾರದೊಳಗೆ ತಪ್ಪಿಲ್ಲದೆ ಹೇಳಿದವರಿಗೆ ಪೆನ್ನು ಬಹುಮಾನ.

ನಾನು ಕನ್ನಡ ಪಂಡಿತರ ದಾರಿ ಹಿಡಿದೆ. ಪದ್ಯಕ್ಕೆ ಪ್ರಸ್ತಾರ ಹಾಕುವಂತೆ ನೋಟ್‌ಬುಕ್ಕಿನಲ್ಲಿ ಗೀಟೆಳೆದೆ: ನ್ಯು-ಮೊ-ನೋ, ಅಲ್-ಟ್ರಾ, ಮೈ-ಕ್ರೋ-ಸ್ಕೋ-ಪಿಕ್, ಸಿ-ಲಿ-ಕೋ, ವಾಲ್-ಕೇ-ನೋ, ಕೋ-ನಿ-ಯೋ-ಸಿಸ್. ಹತ್ತೊಂಬತ್ತು ತುಂಡು. ಇಂಗ್ಲಿಷಿನಲ್ಲಿ ಬರೆಯುವಾಗ ಶುರುವಿಗೇ ಒಂದು 'ಪಿ' ಇದೆ, ಹೇಳುವಾಗ ಇಲ್ಲ. ಕನ್ನಡದಲ್ಲಿ ಬರೆದುಕೊಂಡಿದ್ದ ನನಗೆ ಅದರ ಕಾಟವಿರಲಿಲ್ಲ. 'ಕೋನಿ'ಗೆ 'ಓಸಿಸ್' ಸೇರುವಲ್ಲಿ ಯಕಾರ ತಾನಾಗಿ ಬಂದು ಕೂತಿತ್ತು, ಥೇಟ್ ಆಗಮ ಸಂಧಿ. ಪೆನ್ನು ಸಿಕ್ಕಿತು.

ಮನೆಗೆ ಬಂದು ತಾತನಿಗೂ ಹೇಳಿ ತೋರಿಸಿದೆ. ಕೆಜಿಎಫ್ ಗಣಿಯಲ್ಲಿ ಕಲ್ಲು ಕೊರೆದವರು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಎರಡು ದಿಂಬಿಗೆ ಒರಗಿ ಕೂತೇ ನಿದ್ದೆ. "ಒಂದೇ ದಮ್ಮಿಗೆ... ಹೇಳ್ಬಿಟ್ಯಲ್ಲೋ" ಅಂದರು. ಅಷ್ಟು ಹೇಳುವುದಕ್ಕೆ ಅವರು ನಡುವೆ ನಿಲ್ಲಬೇಕಾಯಿತು.

ಆ ಪದವನ್ನು ಇನ್ನೊಂದು ಬಗೆಯಲ್ಲಿ, ಸಮಾಸ ಬಿಡಿಸಿದಂತೆ ಬಿಡಿಸಬಹುದು ಎಂದು ತಿಳಿದದ್ದು ತಾತ ಹೋಗಿ ಎಷ್ಟೋ ವರ್ಷಗಳ ಮೇಲೆ. ಆಗ ಗೀಟುಗಳು ಬೇರೆ ಕಡೆ ಬೀಳುತ್ತವೆ. ಕೋ-ನಿ-ಯೋ-ಸಿಸ್ ಅಂತ ನಾನು ನಾಲ್ಕು ಮಾಡಿದ್ದೆ. ಅರ್ಥಕ್ಕೆ ಇರುವುದು ಎರಡೇ. ಗ್ರೀಕಿನ 'ಕೋನಿಸ್' ಅಂದರೆ ಧೂಳು, 'ಓಸಿಸ್' ಅಂದರೆ ರೋಗದ ಸ್ಥಿತಿ. 'ನ್ಯುಮೊನೋ' ಶ್ವಾಸಕೋಶ. 'ಸಿಲಿಕೋ' ಬೆಣಚುಕಲ್ಲಿನಲ್ಲಿರುವ ಸಿಲಿಕಾ. ಪದ ಕಟ್ಟಿದ್ದು ಯಾವ ಡಾಕ್ಟರೂ ಅಲ್ಲ. 1935ರಲ್ಲಿ ಅಮೆರಿಕದ ಪದಬಂಧಪ್ರಿಯರ ಸಂಘವೊಂದರ ಅಧ್ಯಕ್ಷ ಎವೆರೆಟ್ ಸ್ಮಿತ್, ಎಲ್ಲಕ್ಕಿಂತ ಉದ್ದದ ಪದ ಇರಲಿ ಅಂತ ಹೊಸೆದದ್ದು. ಜ್ವಾಲಾಮುಖಿಯನ್ನು ತುರುಕಿದ್ದೂ ಉದ್ದಕ್ಕೇ ಇರಬೇಕು. ಅಲಂಕಾರವನ್ನೆಲ್ಲ ಕಿತ್ತರೆ ಉಳಿಯುವುದು ಡಾಕ್ಟರುಗಳು ನಿಜಕ್ಕೂ ಬಳಸುವ ಪದ: ಸಿಲಿಕೋಸಿಸ್. ನಾಲ್ಕೇ ತುಂಡು.

ಕೋಲಾರದ ಚಿನ್ನ ಇದ್ದದ್ದು ಬೆಣಚುಕಲ್ಲಿನಲ್ಲಿ. ಕೊರೆದಾಗ ಏಳುತ್ತಿದ್ದ ಧೂಳೂ ಅದರದೇ. ಅಲ್ಲಿನ ಕಾರ್ಮಿಕರ ಸಿಲಿಕೋಸಿಸ್ ಬಗ್ಗೆ 1947ರಷ್ಟು ಹಿಂದೆಯೇ ವೈದ್ಯರು ಬರೆದಿದ್ದರು.

ತಾತನ ಆಸ್ಪತ್ರೆ ಚೀಟಿಗಳನ್ನು ಅಜ್ಜಿ ಟ್ರಂಕಿನಲ್ಲಿ ಇಟ್ಟಿದ್ದಳು. ಒಂದೊಂದಾಗಿ ಬಿಡಿಸಿ ನೋಡಿದೆ. ಕೆಮ್ಮು. ಉಬ್ಬಸ. ಒಂದರಲ್ಲಿ 'ಟಿ.ಬಿ.', ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಆ ನಾಲ್ಕು ತುಂಡಿನ ಪದ ಯಾವುದರಲ್ಲೂ ಇರಲಿಲ್ಲ. ಇದ್ದಿದ್ದರೆ ಪರಿಹಾರಕ್ಕೆ ಅರ್ಜಿ ಹಾಕಬಹುದಿತ್ತು. "ಅವನು ಕೇಳಿದ್ದ ಕಣೋ" ಅಂದಳು ಅಜ್ಜಿ, "ಬೀಡಿ ಬಿಡು ಅಂದು ಕಳಿಸಿದರಂತೆ." ತಾತ ಬೀಡಿ ಸೇದಿದವರೇ ಅಲ್ಲ.