ರನ್‌ವೇ ಮುಗಿದಲ್ಲಿ ಒಂದು ಹಸಿರು ಮೈದಾನ

ಆಫೀಸ್ ಕೆಲಸಕ್ಕೆ ಅಂತ ಲಾಸ್ ಏಂಜಲೀಸ್‌ಗೆ ಹೋದವರು ಹಾಲಿವುಡ್ ಬೋರ್ಡ್ ಮುಂದೆ ಸೆಲ್ಫಿ ತಗೊಂಡು, ಸಾಂಟಾ ಮೋನಿಕಾ ಬೀಚಿನಲ್ಲಿ ಸೂರ್ಯಾಸ್ತ ನೋಡಿ ವಾಪಸ್ ಬರ್ತಾರೆ. ಇನ್ನೊಂದು ಅರ್ಧ ದಿನ ಸಿಕ್ಕರೆ ಬೀಚಿನಿಂದ ಸ್ವಲ್ಪ ಒಳಗಿರುವ ಸಾಂಟಾ ಮೋನಿಕಾ ಏರ್‌ಪೋರ್ಟ್ ಕಡೆ ಹೋಗಿ. ಚಿಕ್ಕ ಖಾಸಗಿ ವಿಮಾನಗಳ ಜಾಗ ಅದು. ಸುತ್ತ ಮೂರೂ ಕಡೆ ಮನೆಗಳು. ರನ್‌ವೇಯ ಸಮುದ್ರದ ಕಡೆಯ ತುದಿ ದಾಟಿದರೆ ಪೆನ್‌ಮಾರ್ ಎಂಬ ಒಂಬತ್ತು ಹೋಲ್‌ಗಳ ಸಾರ್ವಜನಿಕ ಗಾಲ್ಫ್ ಮೈದಾನ.

ಏರ್‌ಪೋರ್ಟ್‌ಗೆ ದೊಡ್ಡ ಇತಿಹಾಸವಿದೆ. ಆಗ ಇದರ ಹೆಸರು ಕ್ಲೋವರ್ ಫೀಲ್ಡ್. ಜಗತ್ತನ್ನೇ ವಿಮಾನ ಹತ್ತಿಸಿದ ಡಿಸಿ-3 ಮೊದಲ ಸಲ ಹಾರಿದ್ದು ಇಲ್ಲಿಂದಲೇ, 1935ರ ಡಿಸೆಂಬರ್ 17ರಂದು. ಈಗಲೂ ಅಲ್ಲೊಂದು ಡಿಸಿ-3 ಸ್ಮಾರಕವಾಗಿ ನಿಂತಿದೆ. ಆದರೆ ನೋಡಬೇಕಾದ್ದು ಆ ಗಾಲ್ಫ್ ಮೈದಾನ. ಯಾಕೆ ಅಂತ ಹೇಳ್ತೀನಿ.

ಹಾರುವಾಗ ಎಂಜಿನ್ ಕೆಟ್ಟರೆ ವಿಮಾನ ಕಲ್ಲಿನ ಹಾಗೆ ಬಿದ್ದುಬಿಡುತ್ತೆ ಅಂತ ನಾವು ಅಂದುಕೊಂಡಿರ್ತೀವಿ. ಹಾಗಾಗೋದಿಲ್ಲ. ರೆಕ್ಕೆಗಳು ಇದ್ದೇ ಇರುತ್ತವಲ್ಲ! ಮೂಗನ್ನು ಸ್ವಲ್ಪ ಕೆಳಗೆ ಮಾಡಿ ವೇಗ ಉಳಿಸಿಕೊಂಡರೆ ವಿಮಾನ ತೇಲುತ್ತಾ ಇಳಿಯುತ್ತದೆ. ಸೆಸ್ನಾ 172ರಂಥ ವಿಮಾನ ಸಾವಿರ ಅಡಿ ಎತ್ತರದಿಂದ ಸುಮಾರು ಎರಡೂವರೆ ಕಿಲೋಮೀಟರ್ ಹೋಗಬಲ್ಲದು. ಮುನ್ನೂರು ಅಡಿಯಿಂದಾದರೆ ಒಂದು ಕಿಲೋಮೀಟರೂ ಇಲ್ಲ. ಅದಕ್ಕೇ ಟೇಕಾಫ್ ಆದ ಕೂಡಲೇ ಎಂಜಿನ್ ನಿಲ್ಲುವುದು ಅತಿ ಕೆಟ್ಟ ಗಳಿಗೆ.

ಆಗ ಮನಸ್ಸು ಹಿಂದಕ್ಕೆ ಎಳೆಯುತ್ತದೆ. ರನ್‌ವೇ ಅಲ್ಲೇ ಇದೆ, ತಿರುಗಿಬಿಡೋಣ ಅಂತ. ಆದರೆ ಕಡಿಮೆ ಎತ್ತರದಲ್ಲಿ, ಕಡಿಮೆ ವೇಗದಲ್ಲಿ ಜೋರಾಗಿ ತಿರುಗಿದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ. ವಿಮಾನ ಸುತ್ತಿ ನೆಲಕ್ಕಪ್ಪಳಿಸುತ್ತದೆ. ಪೈಲಟ್‌ಗಳು ಇದನ್ನು ‘ಅಸಾಧ್ಯ ತಿರುವು’ ಅಂತಲೇ ಕರೀತಾರೆ. ಎತ್ತರ ಸಾಲದಿದ್ದರೆ ಮುಂದೆ ಸಿಗುವ ಬಯಲಲ್ಲಿ ಇಳಿಸು ಎಂಬುದು ಎಲ್ಲ ತರಬೇತಿಯಲ್ಲೂ ಕಲಿಸುವ ಪಾಠ. ಬಯಲು ಇದ್ದರೆ ತಾನೇ?

2015ರ ಮಾರ್ಚ್ 5ರಂದು ಇಲ್ಲಿ ಬಯಲು ಇತ್ತು. ‘ಇಂಡಿಯಾನಾ ಜೋನ್ಸ್’ ಖ್ಯಾತಿಯ ಹ್ಯಾರಿಸನ್ ಫೋರ್ಡ್, ಆಗ 72 ವರ್ಷ, ಎರಡನೇ ಮಹಾಯುದ್ಧ ಕಾಲದ ತಮ್ಮ ರಯಾನ್ ತರಬೇತಿ ವಿಮಾನದಲ್ಲಿ ಒಬ್ಬರೇ ಹೊರಟಿದ್ದರು. ಸುಮಾರು 1,100 ಅಡಿ ಏರುವಷ್ಟರಲ್ಲಿ ಎಂಜಿನ್ ಶಕ್ತಿ ಹೋಯಿತು. ಕೂಡಲೇ ವಾಪಸ್ ಬರಬೇಕು ಅಂತ ಕಂಟ್ರೋಲ್ ಟವರ್‌ಗೆ ಹೇಳಿದರು. ರನ್‌ವೇವರೆಗೆ ತಲುಪುವುದಿಲ್ಲ ಅಂತ ಗೊತ್ತಾದಾಗ ಪೆನ್‌ಮಾರ್ ಕಡೆ ಇಳಿಸಿದರು. ವಿಮಾನ ಒಂದು ಮರದ ತುದಿಗೆ ತಾಗಿ ಹುಲ್ಲಿನ ಮೇಲೆ ಬಿತ್ತು. ಗಾಲ್ಫ್ ಆಡುತ್ತಿದ್ದ ಬೆನ್ನುಮೂಳೆ ಸರ್ಜನ್ ಒಬ್ಬರು ಓಡಿ ಬಂದು ನೋಡಿಕೊಂಡರು. ಫೋರ್ಡ್ ತೀವ್ರವಾಗಿ ಗಾಯಗೊಂಡರು, ಆದರೆ ಬದುಕಿದರು. ಚೇತರಿಸಿಕೊಂಡು ಮತ್ತೆ ವಿಮಾನವನ್ನೂ ಹಾರಿಸಿದರು. ನೆಲದ ಮೇಲಿದ್ದ ಯಾರಿಗೂ ಏನೂ ಆಗಲಿಲ್ಲ.

ತನಿಖೆಯಲ್ಲಿ ಸಿಕ್ಕ ಕಾರಣ ಒಂದು ಪುಟಾಣಿ ಭಾಗ. ಕಾರ್ಬುರೇಟರ್ ಒಳಗೆ ಪೆಟ್ರೋಲಿನ ಅಳತೆ ನೋಡಿಕೊಳ್ಳುವ ಜೆಟ್, ತಿರುಪು ಸಡಿಲವಾಗಿ ಜಾಗ ಬಿಟ್ಟು ಬಂದಿತ್ತು. ಇಂಧನ ಹೆಚ್ಚಾಗಿ ಎಂಜಿನ್ ಉಸಿರುಗಟ್ಟಿತು. ಅದನ್ನು ಆಗಾಗ ಪರೀಕ್ಷಿಸಬೇಕು ಅಂತ ನಿರ್ವಹಣೆಯ ಸೂಚನೆಗಳಲ್ಲೇ ಇರಲಿಲ್ಲ. ಭುಜದ ಬೆಲ್ಟ್ ಸರಿಯಾಗಿ ಜೋಡಿಸದ್ದರಿಂದ ಗಾಯ ಹೆಚ್ಚಾಯಿತು ಅಂತಲೂ ವರದಿ ಹೇಳಿತು.

ಸದ್ದು, ಸೀಸ ಬೆರೆತ ಇಂಧನದ ಹೊಗೆ, ತಲೆ ಮೇಲೆ ಬೀಳುವ ಭಯ ಅಂತ ಸುತ್ತಲಿನ ಜನ ವರ್ಷಗಟ್ಟಲೆ ಹೋರಾಡಿದರು. 2017ರಲ್ಲಿ ರನ್‌ವೇಯನ್ನು 3,500 ಅಡಿಗೆ ಇಳಿಸಿದರು. 2028 ಮುಗಿದ ಮೇಲೆ ಏರ್‌ಪೋರ್ಟ್ ಮುಚ್ಚಲು ನಗರಕ್ಕೆ ಒಪ್ಪಿಗೆ ಸಿಕ್ಕಿದೆ. ಅಲ್ಲಿ ಪಾರ್ಕ್ ಆಗಬೇಕು ಅನ್ನೋದು ಬಹಳ ಜನರ ಆಸೆ. ಅವರ ಮಾತಲ್ಲಿ ತಪ್ಪಿಲ್ಲ. ಆದರೆ ಆ ವಿಮಾನಗಳು ಹಾರುವುದನ್ನು ಬಿಡುವುದಿಲ್ಲ, ಬೇರೆ ರನ್‌ವೇಗೆ ಹೋಗುತ್ತವೆ. ಅಲ್ಲಿ ಮುಂದೆ ಹುಲ್ಲು ಇದೆಯೋ, ಮನೆ ಇದೆಯೋ ಅನ್ನೋದೇ ಪ್ರಶ್ನೆ.

ಇದು ದೂರದ ಮಾತಲ್ಲ. ಬೆಂಗಳೂರಿನಲ್ಲಿ ಕೆಂಪೇಗೌಡ ಏರ್‌ಪೋರ್ಟ್‌ಗೆ ಹೋಗುವಾಗ ಜಕ್ಕೂರಿನಲ್ಲಿ ಟ್ಯಾಕ್ಸಿ ಕಿಟಕಿಯಿಂದ ಆಚೆ ನೋಡಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಶುರುವಾದ ಸರ್ಕಾರಿ ವೈಮಾನಿಕ ಶಾಲೆಯ ರನ್‌ವೇ ಅಲ್ಲಿದೆ. ಒಂದು ಕಾಲಕ್ಕೆ ಸುತ್ತ ಹೊಲ, ಕೆರೆ. ಈಗ ಅಪಾರ್ಟ್‌ಮೆಂಟ್, ಹೆದ್ದಾರಿ. ‘ಏರೋಡ್ರೋಮ್ ವ್ಯೂ’ ಇರುವ ಫ್ಲಾಟ್ ನೋಡೋಕೆ ಹೋದರೆ ಬಾಲ್ಕನಿಯಲ್ಲಿ ನಿಂತು ಒಂದು ವಿಷಯ ಗಮನಿಸಿ: ಆ ರನ್‌ವೇ ತುದಿಯಿಂದ ಆಚೆ ಖಾಲಿ ಜಾಗ ಇನ್ನೆಷ್ಟು ಉಳಿದಿದೆ?